ವಲಸೆ ನಾಡಿನ ತಾಯಿ: ಕ್ಯಾರೊಲಿನ್ ಇಂಗಲ್ಸ್ ವಂಶಚರಿತ್ರೆಯ ಶೋಧ

ವಂಶಾವಳಿ ಎಂಬುದು ಬಹುತೇಕ ಸಮಾಜಗಳಲ್ಲಿ ತಂದೆಯಿಂದ ಮಗನಿಗೆ ಹರಿದು ಬಂದ ಹೆಸರುಗಳ ಸಾಲು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪಶ್ಚಿಮದ ಬಯಲುಗಳಿಗೆ ವಲಸೆ ಹೋಗಿ ನೆಲೆಯೂರಿದ ಕುಟುಂಬಗಳೂ ಇದಕ್ಕೆ ಹೊರತಲ್ಲ. ಮದುವೆಯೊಡನೆ ಹೆಣ್ಣಿನ ಮನೆತನದ ಹೆಸರು ಅಳಿಯುತ್ತದೆ. ವಲಸೆಯೊಡನೆ ಊರೂ ಅಳಿಯುತ್ತದೆ. ಇಂಥ ಹೆಣ್ಣಿನ ಬೇರುಗಳನ್ನು ಹುಡುಕುವ ಬಗೆಯನ್ನು ಅರಿಯಲು ಕ್ಯಾರೊಲಿನ್ ಕ್ವೈನರ್ ಇಂಗಲ್ಸ್ ಅವರ ಬದುಕು ಉತ್ತಮ ನಿದರ್ಶನ. ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್ ಅವರ ಕಾದಂಬರಿಗಳಲ್ಲಿ ‘ಅಮ್ಮ’ನಾಗಿ ಲೋಕಕ್ಕೆ ಪರಿಚಿತರಾದವರು ಇವರೇ.

ಕ್ಯಾರೊಲಿನ್ ಹುಟ್ಟಿದ್ದು 1839ರಲ್ಲಿ, ವಿಸ್ಕಾನ್ಸಿನ್‌ನಲ್ಲಿ. 1845ರಲ್ಲಿ ತಂದೆ ಹೆನ್ರಿ ಕ್ವೈನರ್ ನೀರುಪಾಲಾದರು. ತಾಯಿ ಷಾರ್ಲೆಟ್ 1849ರಲ್ಲಿ ಫ್ರೆಡರಿಕ್ ಹಾಲ್‌ಬ್ರೂಕ್ ಅವರನ್ನು ಮರುಮದುವೆಯಾದರು. ಶಾಲಾ ಶಿಕ್ಷಕಿಯಾಗಿದ್ದ ಕ್ಯಾರೊಲಿನ್ 1860ರಲ್ಲಿ ಚಾರ್ಲ್ಸ್ ಇಂಗಲ್ಸ್ ಅವರ ಕೈಹಿಡಿದರು. ಅವರ ಅಣ್ಣ ಹೆನ್ರಿ ಇಂಗಲ್ಸ್ ಮನೆಯ ಹೆಣ್ಣನ್ನು ತಂದರೆ, ಸೋದರಿ ಎಲೈಜಾ ಅದೇ ಮನೆಗೆ ಸೊಸೆಯಾದರು. ಹೀಗೆ ಎರಡು ಮನೆಗಳ ನಡುವೆ ಮೂರು ಮದುವೆಗಳು ನಡೆದವು. ಕೊಟ್ಟು ತರುವ ಸಂಬಂಧಗಳನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಇದರ ಅರ್ಥ ಸುಲಭವಾಗಿ ಹೊಳೆಯುತ್ತದೆ: ಒಬ್ಬಳ ಜಾಡು ಕಾಗದದಲ್ಲಿ ತಪ್ಪಿದರೆ ಬೀಗರ ಮನೆಯ ಜಾಡು ಹಿಡಿಯಬೇಕು.

ದಾಖಲೆಗಳ ಸ್ವರೂಪವನ್ನು ತಿಳಿಯದೆ ಈ ಶೋಧ ಸಾಗದು. ಅಮೆರಿಕದ ಜನಗಣತಿ 1840ರವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಂಡಿತು. ಉಳಿದವರು ಕೇವಲ ಅಂಕಿಗಳು. 1850ರಿಂದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ, 1880ರಿಂದ ಯಜಮಾನನೊಡನೆ ಇರುವ ಸಂಬಂಧವೂ ತಂದೆತಾಯಿಯರ ಜನ್ಮಸ್ಥಳವೂ ದಾಖಲಾದವು. 1890ರ ಗಣತಿಯ ಬಹುಭಾಗ 1921ರ ಬೆಂಕಿಯ ನಂತರ ಉಳಿಯಲಿಲ್ಲ. ಆ ಕಂದರವನ್ನು ಭೂದಾಖಲೆ, ಚರ್ಚಿನ ಪುಸ್ತಕ, ಗೋರಿಕಲ್ಲು, ಕುಟುಂಬದ ಬೈಬಲ್ಲಿನ ಪುಟಗಳಿಂದ ತುಂಬಿಕೊಳ್ಳಬೇಕು.

ಕ್ಯಾನ್ಸಸ್ ಪ್ರಸಂಗದಲ್ಲಿ ನೆನಪು ಮತ್ತು ದಾಖಲೆಗಳು ಮುಖಾಮುಖಿಯಾಗುತ್ತವೆ. 1935ರ ಕಾದಂಬರಿಯಲ್ಲಿ ಇಂಗಲ್ಸ್ ಕುಟುಂಬದ ಮನೆ ಇಂಡಿಪೆಂಡೆನ್ಸ್ ಪಟ್ಟಣದಿಂದ 40 ಮೈಲಿ ದೂರದಲ್ಲಿದೆ. ಕೂಸು ಕ್ಯಾರಿ ದಾರಿಯಲ್ಲಿಯೇ ಜೊತೆಗಿದ್ದಾಳೆ. ಆದರೆ ಬೈಬಲ್ಲಿನ ಬರಹದಂತೆ ಕ್ಯಾರಿ ಹುಟ್ಟಿದ್ದು 1870ರಲ್ಲಿ, ಕ್ಯಾನ್ಸಸ್‌ನ ಮಾಂಟ್‌ಗೊಮರಿ ಕೌಂಟಿಯಲ್ಲಿ. ಅದೇ ವರ್ಷದ ಗಣತಿಯೂ ಕುಟುಂಬವನ್ನು ಅಲ್ಲಿಯೇ ಗುರುತಿಸುತ್ತದೆ. ಪಟ್ಟಣಕ್ಕೆ ನಿಜವಾಗಿ ಇದ್ದ ದೂರ ಸುಮಾರು 13 ಮೈಲಿ. ಕಿರುವಯಸ್ಸಿನ ಲಾರಾಗೆ ಆ ನಾಡಿನ ನೆನಪು ಬಹುಮಟ್ಟಿಗೆ ಹಿರಿಯರ ಬಾಯಿಂದ ಬಂದದ್ದು. ಆದ್ದರಿಂದ ಇದನ್ನು ಸುಳ್ಳೆನ್ನುವುದಕ್ಕಿಂತ ಮೌಖಿಕ ಪರಂಪರೆಯ ಸಹಜ ನಡೆ ಎನ್ನುವುದು ಸೂಕ್ತ.

ಆದರೆ ಒಂದು ಸತ್ಯವನ್ನು ಇಲ್ಲಿ ಮರೆಯಲಾಗದು. ಆ ನೆಲ ಆಗ ಓಸೇಜ್ ಜನರದಾಗಿತ್ತು. ಇಂಗಲ್ಸ್ ಕುಟುಂಬಕ್ಕೆ ಅಲ್ಲಿ ನೆಲೆಸುವ ಕಾನೂನುಬದ್ಧ ಹಕ್ಕಿರಲಿಲ್ಲ. 1870ರ ಶಾಸನದ ತರುವಾಯ ಓಸೇಜರು ಕ್ಯಾನ್ಸಸ್ ತೊರೆದು ದಕ್ಷಿಣಕ್ಕೆ ಸಾಗಬೇಕಾಯಿತು. ‘ಮೊದಲ ನೆಲೆಗಾರ್ತಿ’ ಎಂಬ ಹೆಗ್ಗಳಿಕೆಯನ್ನು ಒಬ್ಬಳಿಗೆ ಕೊಡುವಾಗ, ಅವಳಿಗೂ ಮೊದಲು ಅಲ್ಲಿ ಒಲೆ ಹೂಡಿದ್ದ ತಾಯಂದಿರನ್ನು ವಂಶಚರಿತ್ರೆ ಅಳಿಸಬಾರದು.

ಹೇಳದೆ ಉಳಿದದ್ದೂ ಆಕರವೇ. 1875ರಲ್ಲಿ ಹುಟ್ಟಿದ ಗಂಡುಮಗು ಫ್ರೆಡರಿಕ್ ಒಂಬತ್ತು ತಿಂಗಳಲ್ಲಿ ತೀರಿಕೊಂಡಿತು. ಕಾದಂಬರಿ ಮಾಲೆಯಲ್ಲಿ ಈ ಕೂಸಿನ ಸುಳಿವಿಲ್ಲ. ಲಾರಾ ಬರೆದ, 2014ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಇದೆ. ನಾಲ್ವರು ಹೆಣ್ಣುಮಕ್ಕಳ ತಾಯಿಯೆಂದು ಓದುಗರು ಬಲ್ಲ ಕ್ಯಾರೊಲಿನ್ ಐವರನ್ನು ಹೆತ್ತವರು.

1924ರಲ್ಲಿ ಕ್ಯಾರೊಲಿನ್ ದಕ್ಷಿಣ ಡಕೋಟದ ಡಿ ಸ್ಮೆಟ್‌ನಲ್ಲಿ ಕೊನೆಯುಸಿರೆಳೆದರು. ಕತೆ ಅವರಿಗೆ ಮುಖವನ್ನು ಕೊಟ್ಟಿತು. ದಾಖಲೆ ಅವರಿಗೆ ತವರನ್ನು ಮರಳಿಸಿತು. ಒಂದನ್ನು ಬಿಟ್ಟು ಇನ್ನೊಂದನ್ನು ನೆಚ್ಚಿದ್ದರೆ ಕಳೆದುಹೋದ ಕೂಸಾಗಲಿ, ಓಸೇಜರ ನೆಲವಾಗಲಿ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.