ಹತ್ತಿರದ ಊರಿಗೆ ಒಂದು ದಿನದ ರೈಲು

ಸಹೋದರಿಯರೇ, ನೀವು ಕೊನೆಯ ಬಾರಿ ರೈಲು ಹತ್ತಿದ್ದು ಯಾವಾಗ? ಮದುವೆಗಲ್ಲ, ಮಯ್ಯತ್‌ಗಲ್ಲ, ಆಸ್ಪತ್ರೆಗೂ ಅಲ್ಲ. ಸುಮ್ಮನೆ ಒಂದು ಊರನ್ನು ನೋಡಿ ಬರಲಿಕ್ಕೆ? ಈ ಪ್ರಶ್ನೆಯನ್ನು ನಾನು ನಮ್ಮ ಓಣಿಯ ಹತ್ತು ಮಂದಿ ಹೆಂಗಸರಿಗೆ ಕೇಳಿದೆ. ಒಂಬತ್ತು ಮಂದಿ ನಕ್ಕರು. ಒಬ್ಬರು ಮಾತ್ರ, "ನಮಗೆ ಯಾರು ಕರ್ಕೊಂಡು ಹೋಗ್ತಾರೆ?" ಎಂದರು.

ನನಗೊಬ್ಬಳು ಗೆಳತಿ ಇದ್ದಾಳೆ. ಹೆಸರು ಬರೆಯಬೇಡ ಎಂದು ಅವಳೇ ಹೇಳಿದ್ದರಿಂದ ಬರೆಯುತ್ತಿಲ್ಲ. ಬಾಲ್ಯದಲ್ಲಿ ನಾವಿಬ್ಬರೂ ಯಾದಗಿರಿಯಲ್ಲಿ ಒಂದೇ ಮದ್ರಸಾದಲ್ಲಿ ಓದಿದವರು. ರಾತ್ರಿ ಪಾಠ ಬಾಯಿಪಾಠ ಮಾಡುವಾಗ ದೂರದಿಂದ ರೈಲಿನ ಸಿಳ್ಳು ಕೇಳುತ್ತಿತ್ತು. "ಇದು ಎಲ್ಲಿಗೆ ಹೋಗ್ತದೆ?" ಎಂದು ಅವಳು ದಿನವೂ ಕೇಳುತ್ತಿದ್ದಳು. ನಾನು ದಿನಕ್ಕೊಂದು ಊರಿನ ಹೆಸರು ಹೇಳುತ್ತಿದ್ದೆ. ಆಮೇಲೆ ಅವಳಿಗೆ ಸುರಪುರದಲ್ಲಿ, ನನಗೆ ಶಹಾಪುರದಲ್ಲಿ ಮದುವೆಯಾಯಿತು. ಎರಡೂ ರೈಲಿಲ್ಲದ ಊರುಗಳು. ಸಿಳ್ಳು ಕೇಳುವುದೂ ನಿಂತಿತು.

ಎರಡು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡರು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯಲ್ಲೇ ಕಳೆದಳು. ಅದು ಮುಗಿದ ಮೇಲೂ ಅವಳು ಹೊರಗೆ ಬರಲಿಲ್ಲ. ಬರಲು ಬಿಡಲಿಲ್ಲ ಎಂದರೆ ಸರಿಯಾದೀತು. ಯಾರೂ ಬಾಗಿಲು ಹಾಕಿರಲಿಲ್ಲ. ಆದರೆ ತಂಗಿಯ ಮನೆಗೆ ಹೊರಟರೆ "ಇಷ್ಟು ಬೇಗನೇ?" ಎನ್ನುವುದು, ಹೊಸ ದುಪಟ್ಟಾ ಹಾಕಿದರೆ ಕಣ್ಣಲ್ಲೇ ನೋಡುವುದು ನಡೆದೇ ಇತ್ತು. ಇದೇ ಮಾತಿಗೆ ಅತ್ತೆಗೂ ಅವಳಿಗೂ ಬೇಸರ ಬೆಳೆದು, ಒಂದೇ ಒಲೆಯ ಮುಂದೆ ಇಬ್ಬರೂ ಮಾತಿಲ್ಲದೆ ರೊಟ್ಟಿ ಬಡಿಯುತ್ತಿದ್ದರು.

ಸಹೋದರಿಯರೇ, ಮಕ್ಕಳಿಗೆ ದೀನ್ ಕಲಿಸುವವಳಾಗಿ ಒಂದು ಮಾತು ಹೇಳಬೇಕು. ಇದ್ದತ್ತಿನ ಅವಧಿಯನ್ನು ನಿಗದಿ ಮಾಡಿದ್ದು ಅಲ್ಲಾಹನು. ಸೂರಃ ಅಲ್ ಬಕರಃದಲ್ಲಿ ಅವಧಿಯನ್ನು ಹೇಳಿದಲ್ಲೇ, ಅದು ಮುಗಿದ ಮೇಲೆ ಆ ಹೆಣ್ಣು ತನ್ನ ವಿಷಯದಲ್ಲಿ ಮರ್ಯಾದೆಯಿಂದ ಏನು ಮಾಡಿಕೊಂಡರೂ ಇತರರ ಮೇಲೆ ದೋಷವಿಲ್ಲ ಎಂಬ ಅರ್ಥವೂ ಇದೆ. ಮೊದಲ ಅರ್ಧವನ್ನು ನಾವು ಜೋರಾಗಿ ಹೇಳುತ್ತೇವೆ. ಉಳಿದರ್ಧವನ್ನು ಏಕೆ ಹೇಳುವುದಿಲ್ಲ?

ಕಳೆದ ಚಳಿಗಾಲದಲ್ಲಿ ನಾನು ಅವಳ ಮನೆಗೆ ಹೋಗಿ, "ನಡಿ, ಕಲಬುರಗಿಗೆ ಹೋಗಿ ಬರೋಣ, ಬೆಳಿಗ್ಗೆ ಹೋಗಿ ಸಂಜೆ ಬರುವುದು" ಎಂದೆ. ಮನೆಯ ಹಿರಿಯರು ಸುಮ್ಮನಿದ್ದರು. ಅವಳ ಕಾಲೇಜು ಓದುವ ಮಗ, "ನಾನೂ ಜೊತೆಗೆ ಬರ್ತೀನಿ" ಎಂದಾಗ ಒಪ್ಪಿಗೆ ಸಿಕ್ಕಿತು. ಅವನೇ ಇನ್ನೊಂದು ಮಾತನ್ನೂ ಕೇಳಿದ: "ಬಸ್ಸು ಹೆಂಗಸರಿಗೆ ಪುಕ್ಕಟೆ ಇದೆಯಲ್ಲ, ರೈಲು ಯಾಕೆ?" 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ ನಿಜ. ಆದರೆ ಅವನ ತಾಯಿ ಕೇಳುತ್ತಿದ್ದ ಪ್ರಶ್ನೆಗೆ ಬಸ್ಸಿನಲ್ಲಿ ಉತ್ತರವಿರಲಿಲ್ಲ.

ಮೊದಲ ಬಸ್ಸಿಗೆ ಅವಳು ಸುರಪುರದಿಂದ ಬಂದಳು, ನಾನು ಶಹಾಪುರದಲ್ಲಿ ಹತ್ತಿದೆ. ಮಲಗಿದ ಬುದ್ಧನಂತೆ ಕಾಣುವ ನಮ್ಮೂರಿನ ಬೆಟ್ಟ ಹಿಂದೆ ಸರಿಯಿತು. ಭೀಮಾ ಸೇತುವೆ ದಾಟಿ ಯಾದಗಿರಿ ತಲುಪಿದೆವು. ಬೆಟ್ಟದ ಮೇಲಿನ ಕೋಟೆ ನಾವು ಬಿಟ್ಟುಹೋದ ಹಾಗೆಯೇ ಇತ್ತು.

ಮಹಿಳೆಯರ ಬೋಗಿಯಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಡಿ ಹೊರಟಾಗ ಅವಳು ನನ್ನ ಕೈ ಹಿಡಿದಳು, ನಾಲವಾರ ಬರುವ ತನಕ ಬಿಡಲಿಲ್ಲ. ಆಮೇಲೆ ಡಬ್ಬಿ ಬಿಚ್ಚಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಎದುರಿನ ಸೀಟಿನ ಲಿಂಗಾಯತ ಅಜ್ಜಿಯೊಬ್ಬರು ತಮ್ಮ ಬುತ್ತಿಯಿಂದ ಪುಂಡಿಪಲ್ಯ ತೆಗೆದು ನಮ್ಮ ರೊಟ್ಟಿಯ ಮೇಲೆ ಹಾಕಿದರು.

ಈ ಹಳಿಯ ಕತೆ ನಿಮಗೆ ಗೊತ್ತಿರಲಿ. ಮುಂಬಯಿಯಿಂದ ಬಂದ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಜಪಾನಿನ ರೈಲಿನ ಬಗ್ಗೆ ಇಂದು ಜಗತ್ತೇ ಮಾತಾಡುತ್ತದೆ. ಆ ದೇಶದಲ್ಲಿ ಟೋಕಿಯೊ ಮತ್ತು ಯೊಕೊಹಾಮಾ ನಡುವೆ ಮೊದಲ ರೈಲು ಮಾರ್ಗ ತೆರೆದದ್ದು 1872ರಲ್ಲಿ. ಅಂದರೆ ನಮ್ಮ ಯಾದಗಿರಿಯವರು ಅವರಿಗಿಂತ ಒಂದು ವರ್ಷ ಮೊದಲೇ ಸಿಳ್ಳು ಕೇಳಿದವರು! ಇದನ್ನು ಹೇಳಿದಾಗ ಗೆಳತಿ, "ಕೇಳಿದ್ದು ಮಾತ್ರ, ಹತ್ತಿದ್ದು ಇವತ್ತು" ಎಂದಳು.

ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು, ಮುಂದೆ ಶಹಾಬಾದ್. ನಮ್ಮ ಮನೆಗಳಲ್ಲಿ ನಾವು ದಿನವೂ ಒರೆಸುವ ನೆಲದ ಹಾಸುಗಲ್ಲಿಗೆ ಈ ಊರಿನದೇ ಹೆಸರು. "ಇಪ್ಪತ್ತೈದು ವರ್ಷದಿಂದ ಈ ಕಲ್ಲನ್ನು ತೊಳೀತಿದ್ದೀನಿ, ಅದರ ತವರು ಈಗ ನೋಡಿದೆ" ಎಂದು ಅವಳು ನಕ್ಕಳು. ಎರಡು ವರ್ಷದಲ್ಲಿ ನಾನು ಕೇಳಿದ ಅವಳ ಮೊದಲ ನಗು ಅದು.

ಕಲಬುರಗಿಯಲ್ಲಿ ಮೊದಲು ಕೋಟೆಗೆ ಹೋದೆವು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಇದೇ ರಾಜಧಾನಿ. ಕೋಟೆಯೊಳಗಿನ ಜಾಮಿಯಾ ಮಸೀದಿ 1367ರದ್ದು. ಕಟ್ಟಿದವನು ಇರಾನಿನ ಕಝ್ವೀನ್ ಊರಿನ ರಫೀ ಎಂಬ ಶಿಲ್ಪಿ. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಜಾಗಕ್ಕೆ ಗುಂಬಜ್‌ಗಳ ಮಾಡು. ಬೆಳಕು ಬದಿಯ ಕಮಾನುಗಳಿಂದ ಒಳಗೆ ಬರುತ್ತದೆ. ಗೆಳತಿ ಕಂಬವೊಂದಕ್ಕೆ ಒರಗಿ ಕುಳಿತಳು. ಬಹಳ ಹೊತ್ತು ಅತ್ತಳು. ನಾನು ತಡೆಯಲಿಲ್ಲ. ಮನೆಯಲ್ಲಿ ಅತ್ತರೆ ಮಕ್ಕಳು ಹೆದರುತ್ತಾರೆ ಎಂದು ಅವಳು ಅತ್ತೇ ಇರಲಿಲ್ಲವಂತೆ.

ಅಲ್ಲಿಂದ ಆಟೋದಲ್ಲಿ ಖ್ವಾಜಾ ಬಂದೇನವಾಝ್‌ರ ದರ್ಗಾದ ಕಡೆ ಹೋದೆವು. ಅವರು 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. 1398ರಲ್ಲಿ ತೈಮೂರನ ದಾಳಿಯಿಂದ ದೆಹಲಿ ಹಾಳಾದಾಗ ಊರು ಬಿಟ್ಟು ದಖ್ಖನಿಗೆ ಬಂದರು. ಲೆಕ್ಕ ಹಾಕಿ ನೋಡಿ, ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು! ಆ ವಯಸ್ಸಿನಲ್ಲಿ ಹೊಸ ಊರು, ಹೊಸ ಶಿಷ್ಯರು. 1422ರ ತನಕ ಕಲಿಸುತ್ತಾ ಬದುಕಿದರು. "ನನಗೆ ನಲವತ್ತೈದು" ಎಂದು ಗೆಳತಿ ತನಗೆ ತಾನೇ ಹೇಳಿಕೊಂಡಳು.

ಹತ್ತಿರದಲ್ಲೇ ಬಹಮನಿ ಸುಲ್ತಾನರ ಗೋರಿಗಳ ಹಫ್ತ್ ಗುಂಬಜ್ ಇದೆ. ಅಲ್ಲಿ ಜೋಡಿ ಗುಂಬಜಿನ ಕೆಳಗೆ ಸುಲ್ತಾನ ಫಿರೋಝ್ ಷಾ ಮಲಗಿದ್ದಾನೆ. ಖ್ವಾಜಾರನ್ನು ಮೊದಲು ಗೌರವದಿಂದ ಬರಮಾಡಿಕೊಂಡವನು ಅವನೇ. ಆಮೇಲೆ ಇಬ್ಬರಿಗೂ ಮನಸ್ತಾಪವಾಯಿತು. ಅವನೂ ಅದೇ 1422ರಲ್ಲಿ ತೀರಿಕೊಂಡ. ಇದನ್ನು ಕೇಳಿ ಅವಳು, "ಮಾತು ಬಿಟ್ಟ ಇಬ್ಬರೂ ಒಂದೇ ವರ್ಷ ಹೋದರಲ್ಲ" ಎಂದಳು. ಹೊರಗೆ ಬಂದವಳೇ ಅತ್ತೆಗೆಂದು ಒಂದು ತಸ್ಬೀಹ್ ಕೊಂಡಳು.

ಸಂಜೆಯ ಗಾಡಿಗೆ ಮರಳಿದೆವು. ರೈಲಿನ ಟಿಕೆಟಿಗೆ ಒಬ್ಬೊಬ್ಬರಿಗೆ ಆದ ಖರ್ಚು ಕಾಲು ಕಿಲೋ ಮಟನ್‌ನ ಬೆಲೆಗಿಂತ ಕಡಿಮೆ.

ನೀವು ಹೊರಡುವುದಾದರೆ ಕೆಲವು ಮಾತು ನೆನಪಿಡಿ. ಪ್ರಯಾಣಿಕರ ಗಾಡಿಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಜಾಗ ಮೀಸಲಿಡಬೇಕೆಂದು 1989ರ ರೈಲ್ವೆ ಕಾನೂನೇ ಹೇಳುತ್ತದೆ. ಅಲ್ಲಿ ಗಂಡಸರು ನುಗ್ಗುವುದು ಅಪರಾಧ. ತೊಂದರೆಯಾದರೆ 139ಕ್ಕೆ ಕರೆ ಮಾಡಿ. ಮರಳುವ ಗಾಡಿಯ ಸಮಯವನ್ನು ಮೊದಲೇ ತಿಳಿದುಕೊಳ್ಳಿ. ನಮ್ಮ ಕಡೆ ಕೊನೆಯ ಬಸ್ಸು ತಪ್ಪಿದರೆ ಕಷ್ಟ. ನೀರು, ಬುತ್ತಿ, ಮುಸಲ್ಲಾ ಜೊತೆಗಿರಲಿ. ಮನೆಯವರಿಗೆ ಹೇಳಿ, ಒಪ್ಪಿಗೆ ಪಡೆದು ಹೋಗಿ. ಆದರೆ ಒಪ್ಪಿಗೆ ಕೇಳಲು ನಾಚಬೇಡಿ. ಕೇಳದಿದ್ದರೆ ನಿಮಗೂ ಒಂದು ಆಸೆಯಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಗದಗದಿಂದ ವಾಡಿಗೆ ಹೊಸ ಹಳಿ ಹಾಕುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಯ ತನಕ ರೈಲು ಬಂತು. ಮುಂದೆ ಸುರಪುರ, ಶಹಾಪುರದ ಕಡೆಯಿಂದಲೂ ಆ ಹಳಿ ಹಾಯಬೇಕಾಗಿದೆ. ಅದು ಬರುವ ತನಕ ಕಾಯಬೇಕಿಲ್ಲ ಎಂದು ನನ್ನ ಗೆಳತಿ ತೋರಿಸಿಕೊಟ್ಟಳು.

ಒಂದು ವಾರದ ನಂತರ ಅವಳು ಫೋನ್ ಮಾಡಿದಳು. ಅತ್ತೆ ತಸ್ಬೀಹ್ ತೆಗೆದುಕೊಂಡು ಎರಡು ದಿನ ಸುಮ್ಮನಿದ್ದರಂತೆ. ಮೂರನೆಯ ದಿನ ಒಲೆಯ ಮುಂದೆ ಕುಳಿತು ತಾವಾಗಿಯೇ ಬಾಯಿ ಬಿಟ್ಟರಂತೆ: "ರೈಲಿನ ಮೆಟ್ಟಿಲು ಬಹಳ ಎತ್ತರವೇನು? ನನ್ನ ಮೊಣಕಾಲಿಗೆ ಆಗ್ತದೇನು?"

ಇನ್‌ಶಾ ಅಲ್ಲಾಹ್, ಮುಂದಿನ ಸಲ ನಾವು ನಾಲ್ಕು ಮಂದಿ. ನಿಮ್ಮ ಓಣಿಯಲ್ಲಿಯೂ ಇಂಥ ಒಬ್ಬಳು ಇರಬಹುದು. ಇವತ್ತೇ ಹೋಗಿ ಅವಳ ಬಾಗಿಲು ಬಡಿಯಿರಿ.