ಮರಳುಗಾಡಿನಲ್ಲಿ ವರ್ಷಕ್ಕೊಂದು ವಾರದ ಮನೆ

ಅಮೆರಿಕದ ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿದರೆ ಕೊಚೆಲ್ಲಾ ಕಣಿವೆ ಸಿಗುತ್ತದೆ. ಪಾಮ್ ಸ್ಪ್ರಿಂಗ್ಸ್, ಪಾಮ್ ಡೆಸರ್ಟ್, ಇಂಡಿಯನ್ ವೆಲ್ಸ್, ಲಾ ಕಿಂಟಾ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಂತಿರುವ ಮರಳುಗಾಡಿನ ಊರುಗಳು. ಸುತ್ತ ಬೋಳು ಬೆಟ್ಟ, ನಡುವೆ ಕಣ್ಣು ಕೋರೈಸುವ ಹುಲ್ಲುಹಾಸು, ಬೀದಿಗೊಂದು ಈಜುಕೊಳ. ಪಾಮ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆಯಾದರೋ ಸರಾಸರಿ 5 ಅಂಗುಲದಷ್ಟು.

ಇದಕ್ಕೆ ಕಾರಣ ಊರಿನ ಪಶ್ಚಿಮಕ್ಕೇ ನಿಂತಿದೆ. ಸ್ಯಾನ್ ಹಸಿಂಟೋ ಶಿಖರದ ಎತ್ತರ 10,834 ಅಡಿ. ಶಾಂತಸಾಗರದಿಂದ ಬರುವ ತೇವದ ಗಾಳಿ ಈ ಬೆಟ್ಟವನ್ನು ಏರುವಾಗ ತಣ್ಣಗಾಗಿ, ತನ್ನಲ್ಲಿದ್ದ ನೀರನ್ನು ಆಚೆಯ ಇಳಿಜಾರಿನಲ್ಲೇ ಸುರಿಸಿಬಿಡುತ್ತದೆ. ಈಚೆಗೆ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಆಗುಂಬೆಯಲ್ಲಿ ಧೋ ಎಂದು ಸುರಿಯುವ ಮುಂಗಾರು ಚಳ್ಳಕೆರೆಗೆ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತದಲ್ಲ, ಅದೇ ಮಳೆನೆರಳಿನ ಪಾಠ ಇದು. ವ್ಯತ್ಯಾಸವನ್ನು ಮೈಮೇಲೆಯೇ ಅನುಭವಿಸಬೇಕೆನ್ನುವವರಿಗೆ ಅಲ್ಲಿ 1963ರಲ್ಲಿ ಶುರುವಾದ ತೂಗುಗಾಡಿ ಇದೆ. 2,643 ಅಡಿಯಲ್ಲಿ ಹತ್ತಿದರೆ ಸುಮಾರು ಹತ್ತೇ ನಿಮಿಷದಲ್ಲಿ 8,516 ಅಡಿಗೆ ಮುಟ್ಟಿಸುತ್ತದೆ. ಕೆಳಗೆ ಬನಿಯನ್ನಿನಲ್ಲಿ ಬೆವರುತ್ತಿದ್ದವರು ಮೇಲೆ ಪೈನ್ ಮರಗಳ ನಡುವೆ ಸ್ವೆಟರ್ ಹುಡುಕುತ್ತಾರೆ. ಉಷ್ಣತೆಯಲ್ಲಿ 15 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರ ಸಾಮಾನ್ಯ.

ಚಳಿಗಾಲದಲ್ಲಿ ಈ ಕಣಿವೆ ಸ್ವರ್ಗವೇ ಸರಿ. ಹಗಲು ಹಿತವಾದ ಬಿಸಿಲು, ರಾತ್ರಿ ಒಣ ತಂಪು. ಹಿಮದಲ್ಲಿ ಹೂತುಹೋದ ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಜನ ಹಕ್ಕಿಗಳಂತೆ ವಲಸೆ ಬರುತ್ತಾರೆ. ಜುಲೈ ಬಂತೆಂದರೆ ಚಿತ್ರವೇ ಬೇರೆ. ಹಗಲಿನ ಉಷ್ಣತೆ 42 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 2024ರ ಜುಲೈ 5ರಂದು ಪಾಮ್ ಸ್ಪ್ರಿಂಗ್ಸ್‌ನಲ್ಲಿ ದಾಖಲಾದದ್ದು 51.1 ಡಿಗ್ರಿ!

ಫೆಬ್ರುವರಿಯ ವಾರಕ್ಕೂ ಜುಲೈನ ವಾರಕ್ಕೂ ಇರುವ ಈ ಅಂತರವನ್ನು ನೆನಪಿನಲ್ಲಿಡಿ. ಏಕೆಂದರೆ ಈ ಊರುಗಳಲ್ಲಿ ಮನೆ, ನಿವೇಶನಗಳಂತೆ ವಾರಗಳೂ ಮಾರಾಟಕ್ಕಿವೆ.

ವಾರ ಮಾರುವ ವ್ಯಾಪಾರ

ಇದಕ್ಕೆ ಟೈಮ್‌ಷೇರ್ ಎಂದು ಹೆಸರು. ಒಂದು ಸುಸಜ್ಜಿತ ಫ್ಲಾಟನ್ನು ಒಬ್ಬರಿಗೆ ಮಾರುವ ಬದಲು ವರ್ಷದ ವಾರಗಳಾಗಿ ಕತ್ತರಿಸಿ ಐವತ್ತೊಂದು ಜನರಿಗೆ ಮಾರುವುದು. ರಿಪೇರಿಗೆಂದು ಒಂದು ವಾರ ಉಳಿಸಿಕೊಳ್ಳುವುದು. ಯೂರೋಪಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಪದ್ಧತಿ ಇದು. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪನೆಯಾದ ಹಪಿಮಾಗ್ ಇಂಥ ಮೊದಮೊದಲ ಸಂಸ್ಥೆಗಳಲ್ಲೊಂದು. ಪ್ರತಿವರ್ಷ ಅದೇ ಊರಿಗೆ ಹೋಗಲು ಬೇಸರವೆನ್ನುವವರಿಗಾಗಿ 1974ರಲ್ಲಿ ಅಮೆರಿಕದ ಡೀಹಾನ್ ದಂಪತಿಗಳು ವಾರಗಳನ್ನು ಪರಸ್ಪರ ಬದಲಾಯಿಸಿಕೊಡುವ ಆರ್‌ಸಿಐ ಸಂಸ್ಥೆ ಆರಂಭಿಸಿದರು. ಬೇಡಿಕೆ ಹೆಚ್ಚಿದ್ದರೆ ಕೆಂಪು ವಾರ, ಸಾಧಾರಣವಾದರೆ ಬಿಳಿ, ಕಡಿಮೆಯಾದರೆ ನೀಲಿ ಎಂಬ ವಿಂಗಡಣೆ ಬಂತು. ಈಗ ಅನೇಕ ಕಡೆ ವಾರದ ಬದಲು ಅಂಕಗಳನ್ನು ಮಾರುತ್ತಾರೆ. ನಮ್ಮ ದೇಶಕ್ಕೆ ಈ ವ್ಯಾಪಾರ ಕಾಲಿಟ್ಟದ್ದು 1980ರ ದಶಕದಲ್ಲಿ. ಬಹುಮಾನ ಬಂದಿದೆ, ದಂಪತಿ ಸಮೇತ ಊಟಕ್ಕೆ ಬನ್ನಿ ಎಂಬ ಫೋನ್ ಕರೆ ಬೆಂಗಳೂರಿನ ಎಷ್ಟೋ ಮನೆಗಳಿಗೆ ಹೊಸದೇನಲ್ಲ.

ಪಾಮ್ ಸ್ಪ್ರಿಂಗ್ಸ್ ಕಡೆ ನಡೆಯುವುದೂ ಹೆಚ್ಚುಕಡಿಮೆ ಇದೇ. ತೊಂಬತ್ತು ನಿಮಿಷ ನಮ್ಮ ಮಾತು ಕೇಳಿ, ಉಡುಗೊರೆ ಒಯ್ಯಿರಿ ಎನ್ನುತ್ತಾರೆ. ಅಡುಗೆಮನೆ, ಎರಡು ಮಲಗುವ ಕೋಣೆ, ಬಾಲ್ಕನಿಯಿಂದ ಬೆಟ್ಟದ ನೋಟ. ಮಕ್ಕಳು ಆಗಲೇ ಈಜುಕೊಳಕ್ಕೆ ಧುಮುಕಿಯಾಗಿರುತ್ತದೆ. ಹೋಟೆಲ್ ಬಾಡಿಗೆ ವರ್ಷವರ್ಷವೂ ಏರುತ್ತದೆ, ಇದು ಸ್ವಂತದ್ದು, ಮಕ್ಕಳಿಗೂ ದಾಟುವ ಆಸ್ತಿ ಎಂಬುದು ಮಾರುವವರ ವಾದ. ಬಾಡಿಗೆ ಏರುವುದು ನಿಜವೇ. ಆದರೆ ಏರುವುದು ಅದೊಂದೇ ಅಲ್ಲ.

ಹತ್ತನೆಯ ತರಗತಿಯ ಹುಡುಗರು ಪೆನ್ಸಿಲ್ ಹಿಡಿದು ಕೂರಬಹುದು. ಉದಾಹರಣೆಗೆ, ಒಂದು ವಾರದ ಬೆಲೆ 20,000 ಡಾಲರ್ ಎಂದಿಟ್ಟುಕೊಳ್ಳಿ. ಐವತ್ತೊಂದು ವಾರಕ್ಕೆ 10,20,000 ಡಾಲರ್ ಆಯಿತು. ಅದೇ ಊರಿನಲ್ಲಿ ಅಷ್ಟೇ ಕೋಣೆಗಳ ಸಾಧಾರಣ ಫ್ಲಾಟು ಇದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ಆ ಉಡುಗೊರೆ, ಊಟ, ದಲ್ಲಾಳಿಯ ಕಮಿಷನ್ ಎಲ್ಲವೂ ಕೊಂಡವನ ಜೇಬಿನಿಂದಲೇ ಬರಬೇಕಲ್ಲ! ಇದರ ಮೇಲೆ ವರ್ಷಕ್ಕೊಮ್ಮೆ ನಿರ್ವಹಣಾ ಶುಲ್ಕ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಅದು 1,000 ಡಾಲರಿನಿಂದ ಶುರುವಾಗಿ ವರ್ಷಕ್ಕೆ ಶೇಕಡ 5ರಂತೆ ಏರಿದರೆ? ಇದು ಗುಣೋತ್ತರ ಶ್ರೇಢಿ. ಸುಮಾರು ಹದಿನಾಲ್ಕು ವರ್ಷಕ್ಕೆ ಶುಲ್ಕ ಇಮ್ಮಡಿಯಾಗುತ್ತದೆ. ಇಪ್ಪತ್ತು ವರ್ಷಗಳ ಮೊತ್ತ 33,066 ಡಾಲರ್, ಅಂದರೆ ಕೊಂಡ ಬೆಲೆಯನ್ನೇ ಮೀರಿದ್ದು. ಸಾಲ ಮಾಡಿ ಕೊಂಡಿದ್ದರೆ ಬಡ್ಡಿ ಬೇರೆ. ಇನ್ನೊಂದು ಮಾತು: ಹಳೆಯ ಪದ್ಧತಿಯಲ್ಲಿ ಒಂದೇ ಅಳತೆಯ ಫ್ಲಾಟಿಗೆ ಫೆಬ್ರುವರಿಯವನೂ ಜುಲೈನವನೂ ಸಾಮಾನ್ಯವಾಗಿ ಕಟ್ಟುವುದು ಒಂದೇ ಶುಲ್ಕ.

ಶುಲ್ಕ ಏಕೆ ಏರುತ್ತದೆ ಎಂದು ಕೇಳಿದರೆ ಉತ್ತರ ಮತ್ತೆ ಮರಳುಗಾಡಿನ ವಿಜ್ಞಾನದಲ್ಲೇ ಸಿಗುತ್ತದೆ. ನೇರಳಾತೀತ ಕಿರಣಕ್ಕೆ ಬಣ್ಣ, ಪರದೆ, ಪ್ಲಾಸ್ಟಿಕ್ ಎಲ್ಲವೂ ಬೇಗ ಹಾಳು. ಒಣ ಹವೆ ಈಜುಕೊಳದ ನೀರನ್ನು ಹೀರುತ್ತಲೇ ಇರುತ್ತದೆ. ಏರ್‌ಕಂಡೀಷನರ್ ತಿಂಗಳುಗಟ್ಟಲೆ ವಿಶ್ರಾಂತಿಯಿಲ್ಲದೆ ಓಡಬೇಕು. ಇನ್ನು ನೀರು. ಕಣಿವೆಯ ಕುಡಿಯುವ ನೀರು ಬರುವುದು ನೆಲದಡಿಯ ಜಲಭಂಡಾರದಿಂದ. ಮೇಲೆ ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ. ಎತ್ತಿದಷ್ಟು ನೀರು ಮಳೆಯಿಂದ ತುಂಬುವುದಿಲ್ಲವಾದ್ದರಿಂದ 1973ರಿಂದ ಕೊಲರಾಡೋ ನದಿಯ ನೀರನ್ನು ತಂದು ವೈಟ್‌ವಾಟರ್ ಬಳಿಯ ಕೊಳಗಳಲ್ಲಿ ಇಂಗಿಸುತ್ತಿದ್ದಾರೆ. ಹಾಗಿದ್ದರೂ 1995ರಿಂದ 2010ರ ನಡುವೆ ಪಾಮ್ ಡೆಸರ್ಟ್, ಲಾ ಕಿಂಟಾ ಸುತ್ತಮುತ್ತ ಕೆಲವೆಡೆ ನೆಲವೇ ಎರಡು ಅಡಿಯವರೆಗೆ ಕುಸಿದದ್ದನ್ನು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆ ಅಳೆದಿದೆ. ಆಮೇಲೆ ಇಂಗಿಸುವ ಕೆಲಸ ಹೆಚ್ಚಿದ ಮೇಲೆ ಕುಸಿತ ಬಹುಮಟ್ಟಿಗೆ ತಗ್ಗಿದೆ. ಆದರೆ ಕೊಲರಾಡೋ ನದಿಯೇ ಸೊರಗುತ್ತಿದೆ.

ನೆಲ ಯಾರದು?

ಹೆಸರಿನಲ್ಲಿರುವ ‘ಸ್ಪ್ರಿಂಗ್ಸ್’ ಊರ ನಡುವಿನ ಬಿಸಿನೀರಿನ ಬುಗ್ಗೆ. ಅದು ಕಹುವಿಯಾ ಎಂಬ ಮೂಲನಿವಾಸಿಗಳದ್ದು. ರೈಲುದಾರಿ ಬರುವಾಗ ಸರ್ಕಾರ ನೆಲವನ್ನು ಚದರ ಮೈಲಿಗಳಾಗಿ ಗುರುತಿಸಿ, ಬೆಸ ಸಂಖ್ಯೆಯ ಚೌಕಗಳನ್ನು ರೈಲ್ವೆ ಕಂಪನಿಗೆ ಕೊಟ್ಟಿತು. ಸಮ ಸಂಖ್ಯೆಯವು ಬುಡಕಟ್ಟಿನ ಪಾಲಿಗೆ ಉಳಿದವು. ನಕ್ಷೆ ನೋಡಿದರೆ ಚದುರಂಗದ ಹಾಸು! 1959ರ ಕಾನೂನಿನ ನಂತರ ಈ ಜಮೀನನ್ನು 99 ವರ್ಷಗಳವರೆಗೆ ಗುತ್ತಿಗೆ ಕೊಡಲು ಅವಕಾಶವಾಯಿತು. ಊರಿನ ಅನೇಕ ಹೋಟೆಲು, ಫ್ಲಾಟುಗಳು ನಿಂತಿರುವುದು ಇಂಥ ಗುತ್ತಿಗೆ ನೆಲದ ಮೇಲೆ. ಹೀಗಾಗಿ ‘ಸ್ವಂತದ್ದು’ ಎಂಬ ಮಾತಿನ ಅರ್ಥವನ್ನು ಕಾಗದದಲ್ಲಿ ಹುಡುಕಬೇಕು, ಬಾಲ್ಕನಿಯಲ್ಲಲ್ಲ.

ಇಷ್ಟಾದರೂ ಪ್ರತಿ ಚಳಿಗಾಲ ತಪ್ಪದೆ ಬರುವ, ಸಾಲವಿಲ್ಲದೆ ಕೊಂಡ ಕುಟುಂಬಗಳು ಸಂತೋಷವಾಗಿಯೇ ಇವೆ. ಪೇಚಾಟ ಶುರುವಾಗುವುದು ಮಾರಹೊರಟಾಗ. ಇಪ್ಪತ್ತು ಸಾವಿರಕ್ಕೆ ಕೊಂಡದ್ದನ್ನು ಒಂದು ಡಾಲರಿಗೆ ಕೊಡುತ್ತೇವೆಂದು ಜಾಹೀರಾತು ಹಾಕುವವರಿದ್ದಾರೆ. ಮುಂದಿನ ವರ್ಷಗಳ ಶುಲ್ಕವನ್ನು ಇನ್ನೊಬ್ಬರು ಹೊತ್ತರೆ ಸಾಕೆಂಬುದೇ ಅವರ ಆಸೆ. ಮಾರಿಸಿಕೊಡುತ್ತೇವೆಂದು ಮುಂಗಡ ಕೇಳಿ ಮಾಯವಾಗುವ ಮೋಸಗಾರರ ಗುಂಪು ಬೇರೆ. ಕೊಳ್ಳುವುದೇ ಬೇಡವೆನ್ನುವವರು ಮಾಲೀಕರೊಬ್ಬರಿಂದ ಆ ವಾರವನ್ನು ಬಾಡಿಗೆಗೆ ಪಡೆಯಬಹುದು. ಎಷ್ಟೋ ಸಲ ಅದು ನಿರ್ವಹಣಾ ಶುಲ್ಕದ ಆಸುಪಾಸಿಗೇ ದೊರೆಯುತ್ತದೆ.

ಮಕ್ಕಳಿಗೆ ದಾಟುವ ಆಸ್ತಿ ಎಂಬ ಮಾತಿಗೂ ಎರಡು ಮುಖ. ವಾರದ ಜೊತೆ ಶುಲ್ಕವೂ ದಾಟುತ್ತದೆ. ತಂದೆತಾಯಿಗಳ ನಂತರ ಮಕ್ಕಳು ಅದನ್ನು ಬಳಸದೆ, ಕಾನೂನಿನ ಅವಧಿಯೊಳಗೆ ಬರವಣಿಗೆಯಲ್ಲಿ ‘ಬೇಡ’ ಎನ್ನಲು ಅಲ್ಲಿ ಅವಕಾಶವಿದೆ. ಹೊಸದಾಗಿ ಕೊಂಡವರಿಗೂ ಕ್ಯಾಲಿಫೋರ್ನಿಯಾದ ಕಾನೂನು ಏಳು ದಿನಗಳ ಗಡುವು ಕೊಟ್ಟಿದೆ. ಅಷ್ಟರೊಳಗೆ ಲಿಖಿತವಾಗಿ ತಿಳಿಸಿದರೆ ಒಪ್ಪಂದ ರದ್ದಾಗಿ ಹಣ ವಾಪಸು. ಭಾನುವಾರ, ರಜಾದಿನಗಳೂ ಆ ಏಳರ ಲೆಕ್ಕದಲ್ಲಿ ಸೇರುತ್ತವೆ.