ಕಸಿಗೆ ಮುನ್ನ ಹುಣ್ಣಿನ ಹಸನು

ಕಂಪ್ಲಿ ಸುತ್ತಲಿನ ಕಾಲುವೆ ಗದ್ದೆಗಳಲ್ಲಿ ನೆಲ ಹಸನಾಗದೆ ಯಾರೂ ಭತ್ತದ ನಾಟಿಗೆ ಇಳಿಯುವುದಿಲ್ಲ. ಆದರೆ ಮನೆಯ ಹಿರಿಯರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದಿದ್ದಾಗ, ‘ಚರ್ಮ ಕಸಿ ಮಾಡಿ ಬೇಗ ಮುಗಿಸಿಬಿಡಿ’ ಎಂದು ವೈದ್ಯರನ್ನು ಅವಸರಪಡಿಸುವವರು ನಾವೇ.

ತೊಡೆಯಿಂದ ತೆಳುವಾಗಿ ತೆಗೆದ ಚರ್ಮಕ್ಕೆ ರಕ್ತದ ಸಂಪರ್ಕ ಕಡಿದಿರುತ್ತದೆ. ಮೊದಲ ಎರಡು ದಿನ ಅದು ಹುಣ್ಣಿನ ತಳದಲ್ಲಿ ಒಸರುವ ದ್ರವವನ್ನು ಹೀರಿಯೇ ಬದುಕುತ್ತದೆ. ಅನಂತರ ಸೂಕ್ಷ್ಮ ರಕ್ತನಾಳಗಳು ಕೂಡಿಕೊಂಡು, ವಾರದೊಳಗೆ ಅಂಟಿ ನಿಲ್ಲುತ್ತದೆ. ನಡುವೆ ಕೀವೋ ರಕ್ತವೋ ಮಡುಗಟ್ಟಿದರೆ, ಕಾಲು ಅಲುಗಿ ಚರ್ಮ ಜರುಗಿದರೆ, ಪಟ್ಟದ್ದೆಲ್ಲ ವ್ಯರ್ಥ. ಒಂದು ಗ್ರಾಂ ಮಾಂಸದಲ್ಲಿ ರೋಗಾಣುಗಳು 1 ಲಕ್ಷ ಮೀರಿದಲ್ಲಿ ಕಸಿ ಹಿಡಿಯುವುದು ಕಷ್ಟ.

ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ವ್ರಣಗಳನ್ನು ಕುರಿತದ್ದು. ಅಲ್ಲಿ ಹೇಳಿದ 60 ಉಪಕ್ರಮಗಳಲ್ಲಿ ಶೋಧನವೂ ಉಂಟು, ರೋಪಣವೂ ಉಂಟು. ಕೆಟ್ಟ ವ್ರಣವನ್ನು ಶುದ್ಧಗೊಳಿಸಿದ ಮೇಲೆಯೇ ಮಾಯಿಸುವ ಕ್ರಮ. ಇಂದಿನ ವೈದ್ಯರೂ ಸತ್ತ ಮಾಂಸ, ಸೋಂಕು, ತೇವ, ಅಂಚು ಎಂಬ ನಾಲ್ಕನ್ನು ಹಿಡಿದು ಪರೀಕ್ಷಿಸುತ್ತಾರೆ. ಕಪ್ಪು ಹಕ್ಕಳೆ, ಹಳದಿ ಲೋಳೆ ಹೋಗಿ, ತಳವು ದುರ್ವಾಸನೆಯಿಲ್ಲದೆ ದಾಳಿಂಬೆ ಕಾಳಿನಂತೆ ಕೆಂಪಗೆ ತುಂಬಿ ಬಂದಾಗ ಕಸಿಯ ಕಾಲ.

ಇದಕ್ಕೂ ಮೊದಲು ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂಬುದನ್ನು ಅರಿಯಬೇಕು. ದಿನವಿಡೀ ನಿಂತು ದುಡಿಯುವವರಲ್ಲಿ, ಅವರು ಸಂಡೂರಿನ ಗಣಿಯವರಿರಲಿ, ಹೊಸಪೇಟೆಯ ಅಂಗಡಿಯವರಿರಲಿ, ಕಾಲಿನ ನರ ಉಬ್ಬಿ ಆಗುವ ಹುಣ್ಣಿಗೆ ಬಿಗಿ ಪಟ್ಟಿಯೇ ಮುಖ್ಯ ಚಿಕಿತ್ಸೆ. ಅದೇ ಪಟ್ಟಿಯನ್ನು ರಕ್ತ ಸಾಲದ ಕಾಲಿಗೆ ಸುತ್ತಿದರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅನುಕರಿಸುವುದು ಬೇಡ.

ಸಕ್ಕರೆ ಕಾಯಿಲೆಯವರ ಸಂಕಟ ಬೇರೆ. ಪಾದದ ಸ್ಪರ್ಶಜ್ಞಾನ ಕುಂದಿದವರು ಮಧ್ಯಾಹ್ನ ಹಂಪಿಯ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆದರೆ ಬೊಬ್ಬೆ ಎದ್ದುದೂ ತಿಳಿಯದು. ವಿರೂಪಾಕ್ಷನ ದರ್ಶನಕ್ಕೆ ಬೆಳಗಿನ ತಂಪು ಹೊತ್ತೇ ಲೇಸು. ಹುಣ್ಣಾದ ಮೇಲೆ ಆ ಪಾದವನ್ನು ಊರಬಾರದು, ಸಕ್ಕರೆ ಹತೋಟಿಯಲ್ಲಿರಬೇಕು. ಚಿಕಿತ್ಸೆ ನಡೆದೂ 4 ವಾರಗಳಲ್ಲಿ ಹುಣ್ಣು ಅರ್ಧದಷ್ಟಾದರೂ ಕುಗ್ಗದಿದ್ದರೆ ಕಾಯುತ್ತ ಕೂರದೆ ದೊಡ್ಡಾಸ್ಪತ್ರೆಗೆ ಹೋಗಬೇಕು. ವರುಷಗಳ ಹಳೆಯ ಹುಣ್ಣಿನ ಅಂಚು ಉಬ್ಬಿ ಗಟ್ಟಿಯಾದರೆ ಕ್ಯಾನ್ಸರಿನ ಶಂಕೆಯಿಂದ ಚೂರು ಮಾಂಸ ತೆಗೆದು ಪರೀಕ್ಷಿಸುವರು.

ಮನೆಯಲ್ಲಿ ಮಾಡಬಾರದ್ದು: ಸುಣ್ಣ, ಅರಿಶಿನ ಪುಡಿ, ಸೊಪ್ಪಿನ ರಸ ತುಂಬುವುದು. ಬೇಳೆ ತಿಂದರೆ ಕೀವಾದೀತೆಂದು ಪಥ್ಯ ಹಿಡಿಸುವುದೂ ತಪ್ಪು. ಮಾಂಸ ತುಂಬಲು ಬೇಕಾದುದೇ ಹಾಲು, ಬೇಳೆ, ಮೊಳಕೆ ಕಾಳು. ಬೀಡಿ ಸೇದುವವರು ಕಸಿಗೆ ವಾರಗಳ ಮುಂಚೆಯೇ ಬಿಡಬೇಕು, ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಚರ್ಮ ತೆಗೆದ ತೊಡೆಯ ಗಾಯವಾದರೋ ಸಾಮಾನ್ಯವಾಗಿ ಎರಡು ವಾರಗಳಲ್ಲಿ ತಾನೇ ಮಾಯುತ್ತದೆ. ಅದರ ಪಟ್ಟಿಯನ್ನು ಕುತೂಹಲಕ್ಕೆ ಬಿಚ್ಚಿ ನೋಡದಿದ್ದರೆ ಸಾಕು.